ಮಂಠಾಳದ ಚುಕ್ಕಿ ಲೆಕ್ಕ

ಬಸವಕಲ್ಯಾಣಕ್ಕೆ ಬಂದವರು ಕೋಟೆ, ಅನುಭವ ಮಂಟಪ ನೋಡಿ ಹಿಂದಿರುಗುವುದೇ ಹೆಚ್ಚು. ನಾನು ಮಂಠಾಳದ ಬಸ್ಸು ಹತ್ತಿದೆ. ಬಸ್ಸಿನ ತುಂಬ ಕನ್ನಡ, ಮರಾಠಿ, ಉರ್ದು, ಮೂರೂ ಭಾಷೆಯ ಮಾತು. ಎಳ್ಳಮಾವಾಸ್ಯೆಗೆ ಎರಡೇ ದಿನ ಉಳಿದಿತ್ತು. ಹೊಲಗಳಲ್ಲಿ ಬಿಳಿಜೋಳ ಎದೆಯೆತ್ತರ ನಿಂತಿತ್ತು. ಬೀದರ ಸೀಮೆಗೆ ಇದು ದೊಡ್ಡ ಹಬ್ಬ. ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತಾರೆ. ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ ಅಲ್ಲೇ ಉಣ್ಣುತ್ತಾರೆ.

ನಾನು ಹೋದ ಪ್ರಾಥಮಿಕ ಶಾಲೆಯಲ್ಲಿ ನಾಲ್ಕನೆಯ ತರಗತಿಯ ಮಕ್ಕಳು ರಂಗೋಲಿ ಡಬ್ಬಿ ಹಿಡಿದು ಅಂಗಳದಲ್ಲಿ ಕೂತಿದ್ದರು. ಹಬ್ಬದ ತಯಾರಿ ಎಂದುಕೊಂಡೆ. ಅಲ್ಲ, ಗಣಿತದ ಪೀರಿಯಡ್ಡು. "ಹುಡುಗರೂ ಕೂಡಬೇಕು" ಎಂಬುದು ಟೀಚರ್ ಹಾಕಿದ ಕಟ್ಟಳೆ. ಮುಖ ಗಂಟಿಕ್ಕಿದ್ದ ಇಬ್ಬರು ಹುಡುಗರೇ ಆಮೇಲೆ ಡಬ್ಬಿಗಾಗಿ ಜಗಳವಾಡಿದರು.

ಮೊದಲು 1, 3, 5, 7, ಮತ್ತೆ 5, 3, 1 ಚುಕ್ಕಿಗಳ ಸಾಲು. ಒಟ್ಟು ಎಷ್ಟು? ಮೇಲಿನ ನಾಲ್ಕು ಸಾಲು ಕೂಡಿದರೆ 16, ಅಂದರೆ ನಾಲ್ಕು ನಾಲ್ಕಲೆ. ಉಳಿದದ್ದು 9, ಮೂರು ಮೂರಲೆ. ಎರಡೂ ಸೇರಿ 25, ಐದೈದಲೆ! ಬೆಸಸಂಖ್ಯೆಗಳನ್ನು ಒಂದರಿಂದ ಸಾಲಾಗಿ ಕೂಡಿದರೆ ವರ್ಗಸಂಖ್ಯೆ ಬರುತ್ತದೆಂದು ನಾನು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೆ, ಕಣ್ಣಾರೆ ಕಂಡಿರಲಿಲ್ಲ. ಈ ಚುಕ್ಕಿಗಳನ್ನು ದೊಡ್ಡವರೂ ಹಗುರವಾಗಿ ಕಂಡಿಲ್ಲ. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೋಮನಿ ಮತ್ತು ಸಂಗಡಿಗರು ತಮಿಳು ಮನೆಗಳ ಕೋಲಂ ಚಿತ್ರಗಳ ನಿಯಮಗಳನ್ನು ಕಂಪ್ಯೂಟರ್ ಶಾಸ್ತ್ರದ ವ್ಯಾಕರಣವಾಗಿ 1974ರಲ್ಲೇ ಬರೆದಿದ್ದಾರೆ.

ಎರಡನೆಯದು ಸಂದಿಗೊಂದು ಚುಕ್ಕಿ ಇಡುವ ಬಗೆ: 4, 5, 6, 7, 6, 5, 4. ಎಲ್ಲರೂ ಸಾಲು ಸಾಲಾಗಿ ಕೂಡತೊಡಗಿದರು. ಮೂಲೆಯ ಒಬ್ಬ ಹುಡುಗಿ ಮಾತ್ರ ನಡುವಿನ ಚುಕ್ಕಿಯ ಮೇಲೆ ಬೆರಳಿಟ್ಟು ಸುತ್ತು ಹಾಕುತ್ತಿದ್ದಳು: "ಏಕ್, ಸಹಾ, ಬಾರಾ, ಅಠರಾ... ಸದತೀಸ." ಮನೆಮಾತು ಮರಾಠಿ. ನಡುವೆ ಒಂದು, ಸುತ್ತ ಆರು, ಆಮೇಲೆ ಹನ್ನೆರಡು, ಹದಿನೆಂಟು, ಒಟ್ಟು 37. ಉಳಿದವರ ಉತ್ತರವೂ ಅದೇ, ಆದರೆ ತಡವಾಗಿ ಬಂತು.

"ಯಾರು ಹೇಳಿಕೊಟ್ಟರವ್ವಾ?" ಎಂದೆ.

"ನಮ್ಮ ಆಯಿ ಹಿಂಗೇ ಇಡ್ತಾಳ್ರಿ."

ಆ ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಟೀಚರ್ ನನ್ನನ್ನು ಬದಿಗೆ ಕರೆದು ಹೇಳಿದರು: "ಲೆಕ್ಕ ಬರೂದಿಲ್ಲಂತ ಈಕೀನ್ನ ಸಾಲಿ ಬಿಡಿಸಬೇಕಂತ ಮನ್ಯಾಗ ಮಾತು ನಡದಿತ್ರಿ. ಕರೀಹಲಿಗಿ ಮುಂದ ನಿಂದ್ರಿಸಿದ್ರ ಬಾಯಿ ಬಿಡ್ತಿದ್ದಿಲ್ಲ."

ಹಬ್ಬದ ನೆಪದಲ್ಲಿ ಆಟವಾಡಿಸುತ್ತಾರೆಂದು ದೂರುವ ಪಾಲಕರೂ ಇದ್ದಾರಂತೆ. ಅವರ ಆತಂಕ ಸುಳ್ಳೆನ್ನಲಾರೆ. ಚಿತ್ರ ಮುಗಿಸಿ ಎಣಿಸದೆ ಎದ್ದುಹೋದರೆ ಅದು ಬರೀ ಆಟವೇ. ರಂಗೋಲಿ ಎಲ್ಲರ ಮನೆಯದೂ ಅಲ್ಲ. ರಮ್ಜಾನ್ ಹೊತ್ತಿಗೆ ಟೀಚರ್ ಎರಡು ಕಾಗದದ ಚೌಕ ಕೊಡುತ್ತಾರೆ. ಒಂದನ್ನು 45 ಡಿಗ್ರಿ ತಿರುಗಿಸಿ ಇನ್ನೊಂದರ ಮೇಲಿಟ್ಟರೆ ಎಂಟು ಮೂಲೆಯ ನಕ್ಷತ್ರ. ಬೀದರಿಗೆ ಹೋದಾಗ ಮಹಮೂದ್ ಗವಾನನ 1472ರ ಮದರಸಾದ ಬಣ್ಣದ ಹೆಂಚುಗಳನ್ನು ಮಕ್ಕಳಿಗೆ ತೋರಿಸಿ. ನಮೂನೆ ಎಲ್ಲಿ ಮರುಕಳಿಸುತ್ತದೆಂದು ಹುಡುಕಲು ಹಚ್ಚಿ.

ಗಂಟೆ ಬಾರಿಸಿತು. ಹುಡುಗಿ ಏಳಲಿಲ್ಲ. ಮುಂದಿನ ಸುತ್ತಿಗೆ 24 ಚುಕ್ಕಿ ಬೇಕು, ಒಟ್ಟು 61. ಡಬ್ಬಿ ಖಾಲಿ. ಒಬ್ಬ ಹುಡುಗ ಓಡಿಹೋಗಿ ಒಂದು ಹಿಡಿ ಜೋಳ ತಂದ. ಕಾಳಿನಲ್ಲೇ ಸುತ್ತು ಮುಗಿಯಿತು. ನಾನು ಬಸ್ಸಿಗೆ ಹೊರಟಾಗ ಗುಬ್ಬಿಗಳು ಇಳಿದಿದ್ದವು, ಹುಡುಗಿ ಹೋದ ಕಾಳು ಎಷ್ಟೆಂದು ಕಳೆಯುತ್ತಿದ್ದಳು.