ಮೇಷ್ಟರ ಬ್ರೇಕು

ಮಧುಗಿರಿಯ ಏಕಶಿಲಾ ಬೆಟ್ಟವನ್ನು ದಿನವೂ ನೋಡುವವರಿಗೆ ಹಳೆಯ ವಸ್ತುಗಳ ಮೇಲೆ ಒಂದು ಬಗೆಯ ಅಪಾರ ವಿಶ್ವಾಸ ಬೆಳೆದುಬಿಡುತ್ತದೆಯೋ ಏನೋ! ಅಲ್ಲಿನ ನಿವೃತ್ತ ವಿಜ್ಞಾನದ ಮೇಷ್ಟರೊಬ್ಬರಿಗೆ ತಮ್ಮ ಅಂಬಾಸಿಡರ್ ಕಾರಿನ ಮೇಲಿದ್ದುದು ಅಂಥ ವಿಶ್ವಾಸವೇ. ಆ ಕಾರಿನ ತಯಾರಿಕೆ 2014ರಲ್ಲಿಯೇ ನಿಂತುಹೋಯಿತು. ಮೇಷ್ಟರ ಮನೆಯ ಚಪ್ಪರದಡಿ ಮಾತ್ರ 1972ರ ಬಂಡಿಯೊಂದು ಇನ್ನೂ ಸೇವೆಯಲ್ಲಿತ್ತು. ಮಕ್ಕಳು ಮಾರಿಬಿಡಿ ಎಂದರು. ನೆಂಟರು ಮುಸಿಮುಸಿ ನಕ್ಕರು. ಕಾರು ಯಾರ ಮಾತಿಗೂ ಮುನಿಯದೆ ಶಿರಾದ ಮದುವೆಗಳಿಗೂ ಗೊರವನಹಳ್ಳಿಯ ಲಕ್ಷ್ಮಿಯ ದರ್ಶನಕ್ಕೂ ಹೋಗಿಬರುತ್ತಿತ್ತು.

ಪಾವಗಡದ ಶನಿಮಹಾತ್ಮನ ದರ್ಶನಕ್ಕೆಂದು ಶನಿವಾರ ಬೆಳಿಗ್ಗೆ ಹೊರಡುವುದೆಂದು ನಿಶ್ಚಯವಾಗಿತ್ತು. ಶುಕ್ರವಾರ ಸಂಜೆ ಕಾರನ್ನು ಒರೆಸುತ್ತಿದ್ದ ಮೇಷ್ಟರಿಗೆ ಎಡಗಡೆಯ ಹಿಂಚಕ್ರದ ಬಳಿ ನೆಲದ ಮೇಲೆ ಅಂಗೈಯಗಲದ ಒದ್ದೆ ಕಾಣಿಸಿತು. ಎಂಜಿನ್ ಎಣ್ಣೆಯಂತೆ ಕಪ್ಪಲ್ಲ, ಮುಟ್ಟಿದರೆ ಜಾರುತ್ತಿತ್ತು. ಒಳಗೆ ಕುಳಿತು ಬ್ರೇಕು ತುಳಿದರು. ಪೆಡಲು ಯಾವ ಪ್ರತಿಭಟನೆಯನ್ನೂ ತೋರದೆ ನೆಲಕ್ಕೆ ಹೋಗಿ ಒರಗಿತು.

“ದೇವರು ನಾವು ಬರುವ ಮುಂಚೆ ತಾನೇ ಬಂದು ಹೇಳಿದ್ದಾನೆ, ಬಿಡಿ” ಎಂದರು ಮನೆಯಾಕೆ.

ಪೇಟೆಯಲ್ಲಿ ಲಾರಿಗಳ ರಿಪೇರಿ ಮಾಡುವ ಹಳೆಯ ಶಿಷ್ಯನಿಗೆ ಕರೆ ಹೋಯಿತು. ಆತ ಬಂದು ಟಾರ್ಚು ಹಿಡಿದು ನೋಡಿದ. ಹಿಂದಿನ ಆಕ್ಸಲಿನ ಮೇಲೆ ಹಾದುಹೋಗುವ ಉಕ್ಕಿನ ಸಣ್ಣ ಪೈಪು, ಕ್ಲಿಪ್ಪಿನಡಿ ಕೆಸರು ಕೂತು, ತುಕ್ಕು ತಿಂದು ತೂತಾಗಿತ್ತು. ಅಟ್ಟದ ಮೇಲೆ ಹಳೆಯ ಫ್ರಿಜ್ಜಿನ ತಾಮ್ರದ ಕೊಳವೆಯೊಂದು ಮೇಷ್ಟರ ಬಳಿ ಇತ್ತು. ಕೆಟ್ಟ ಭಾಗವನ್ನು ಕತ್ತರಿಸಿ ಅದನ್ನು ಬೆಸೆದರೆ ಬೆಳಗಿನ ಪ್ರಯಾಣಕ್ಕೆ ಭಂಗವಿಲ್ಲವೆಂಬುದು ಅವರ ಸಲಹೆ.

ಶಿಷ್ಯ ಕೈ ಒರೆಸಿಕೊಂಡ. “ಆಗದು ಸಾರ್. ಪರೀಕ್ಷೆಯಲ್ಲಿ ತಪ್ಪಿದರೆ ನೀವು ಒಂದು ಮಾರ್ಕು ಕಳೆಯುತ್ತಿದ್ದಿರಿ. ಇಲ್ಲಿ ತಪ್ಪಿದರೆ ಕಳೆಯುವುದು ಮಾರ್ಕಲ್ಲ.” ಆಮೇಲೆ ತುಸು ಸಂಕೋಚದಿಂದಲೇ ಕೇಳಿದ: “ಬ್ರೇಕ್ ಎಣ್ಣೆ ಕಡಿಮೆಯಾಗುತ್ತಿದ್ದುದು ನಿಮಗೆ ಮೊದಲೇ ಗೊತ್ತಾಗಲಿಲ್ಲವೇ?”

ಗೊತ್ತಾಗಿತ್ತು. ತಿಂಗಳಿಂದ ಮೇಷ್ಟರು ಎರಡು ಸಲ ಎಣ್ಣೆ ಸುರಿದಿದ್ದರು, ಕಾರಣ ಹುಡುಕಿರಲಿಲ್ಲ. ಹಿಂದಿನ ವಾರವಷ್ಟೇ ಕೊರಟಗೆರೆಯಿಂದ ಮರಳುವಾಗ ಹಿಂದಿನ ಸೀಟಿನಲ್ಲಿ ಮೊಮ್ಮಕ್ಕಳಿಬ್ಬರೂ ನಿದ್ರಿಸುತ್ತಿದ್ದರು. ಮೇಷ್ಟರು ಉತ್ತರ ಕೊಡಲಿಲ್ಲ.

ಮುಚ್ಚಿದ ಪಾತ್ರೆಯ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆಂಬುದು ಹದಿನೇಳನೆಯ ಶತಮಾನದ ಪಾಸ್ಕಲನ ನಿಯಮ. ಮೇಷ್ಟರು ಅದನ್ನು ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದವರು. ಚಾಲಕನ ಪಾದದ ಒತ್ತಡ ನಾಲ್ಕು ಚಕ್ರಗಳಿಗೂ ತಲಪುವುದು ಈ ನಿಯಮದಿಂದಲೇ. ಆದರೆ ಇಂಥ ಹಳೆಯ ಕಾರಿನಲ್ಲಿ ನಾಲ್ಕಕ್ಕೂ ಸೇರಿ ದ್ರವದ ದಾರಿ ಒಂದೇ. ಒಂದು ಪೈಪು ಬಿರಿದರೆ ನಾಲ್ಕೂ ಬ್ರೇಕುಗಳಿಗೆ ಒಟ್ಟಿಗೆ ರಜೆ. ಮಿಕ್ಕುವುದು ಕೈಬ್ರೇಕೊಂದೇ. ಇದು ಹಲಗೆಯ ಮೇಲೆ ಬರೆಯುವ ಪಾಠದಲ್ಲಿರಲಿಲ್ಲ.

ಪಾವಗಡದ ಪ್ರಯಾಣ ಒಂದು ವಾರ ಮುಂದಕ್ಕೆ ಹೋಯಿತು. ಭಾನುವಾರ ಶಿಷ್ಯ ಮುಂಚಕ್ರಗಳಿಗೆ ಕಲ್ಲು ಕೊಟ್ಟು, ಹಿಂಭಾಗವನ್ನು ಜಾಕಿನಿಂದ ಎತ್ತಿ, ಕೆಳಗೆ ಗಟ್ಟಿ ಸ್ಟಾಂಡುಗಳನ್ನಿಟ್ಟ. ಬರಿಯ ಜಾಕನ್ನು ನಂಬಿ ಕಾರಿನಡಿ ನುಗ್ಗಲು ಆತ ಒಪ್ಪುವವನಲ್ಲ. ತುಕ್ಕು ಹಿಡಿದ ನಟ್ಟುಗಳಿಗೆ ಎಣ್ಣೆ ಬಿಟ್ಟು, ಕಾಫಿ ಕುಡಿಯುವಷ್ಟು ಹೊತ್ತು ಕಾದ; ಅವಸರಪಟ್ಟರೆ ನಟ್ಟಿನ ಮೂಲೆಗಳು ಸವೆದು ಸ್ಪಾನರಿಗೆ ಹಿಡಿತವೇ ಸಿಗುವುದಿಲ್ಲ. ಹಳೆಯ ಪೈಪನ್ನು ಇಡಿಯಾಗಿ ಬಿಚ್ಚಿ ಅದರ ಅಳತೆಗೆ ತುಮಕೂರಿನಿಂದ ತಂದ ಉಕ್ಕಿನ ಪೈಪನ್ನು ಬಗ್ಗಿಸಿದ. ಅದರ ಎರಡು ತುದಿಗಳನ್ನೂ ಯಂತ್ರದಿಂದ ಅರಳಿಸಿ ಮಡಿಸಿದ್ದರು. ಆ ಮಡಿಕೆಯೇ ಸೋರದಂತೆ ಕೂರುವುದು. ಬಾಗುವಲ್ಲಿ ಪೈಪು ಚಪ್ಪಟೆಯಾಗದಿರಲೆಂದು ಮನೆಯಾಕೆಯ ಕಾಫಿಪುಡಿಯ ಡಬ್ಬಿಯೂ ಕೆಲಸಕ್ಕೆ ಬಂತು.

ಇನ್ನು ಗಾಳಿ ತೆಗೆಯುವ ಕೆಲಸ. ದ್ರವ ಒತ್ತಿದರೆ ಕುಗ್ಗದು, ಗಾಳಿ ಕುಗ್ಗುತ್ತದೆ. ಪೈಪಿನೊಳಗೆ ಗಾಳಿಯ ಗುಳ್ಳೆ ಉಳಿದರೆ ಪಾದದ ಶಕ್ತಿಯೆಲ್ಲ ಗುಳ್ಳೆಯನ್ನು ಅದುಮುವುದರಲ್ಲೇ ವ್ಯರ್ಥ. ಮೇಷ್ಟರು ಪೆಡಲಿನ ಮೇಲೆ, ಶಿಷ್ಯ ಅತಿ ದೂರದ ಎಡ ಹಿಂಚಕ್ರದ ಬಳಿ. “ತುಳಿಯಿರಿ ಸಾರ್.” ತಿರುಪು ಸಡಿಲವಾಯಿತು, ಗಾಜಿನ ಸೀಸೆಯೊಳಗೆ ಗುಳ್ಳೆಗಳು ಎದ್ದವು. “ಹಿಡಿದೇ ಇರಿ, ಬಿಡಬೇಡಿ.” ತಿರುಪು ಬಿಗಿಯಾಯಿತು. “ಈಗ ಬಿಡಿ.” ಒಂದು ಸಲ ಮೇಷ್ಟರು ಮೊದಲೇ ಕಾಲೆತ್ತಿ ಗಾಳಿ ಮರಳಿ ಒಳಗೆ ಹೋದಾಗ, ಶಿಷ್ಯ ಥೇಟು ಅವರದೇ ಧ್ವನಿಯಲ್ಲಿ, “ಗಮನ ಎಲ್ಲಿದೆ?” ಎಂದುಬಿಟ್ಟ. ಹಾಗೆಂದವನೇ ನಾಲಿಗೆ ಕಚ್ಚಿಕೊಂಡ. ಮೇಷ್ಟರು ಜೋರಾಗಿ ನಕ್ಕರು. ಮಡ್ಗಾರ್ಡಿನ ಮೇಲೆ ಚೆಲ್ಲಿದ ಬ್ರೇಕ್ ಎಣ್ಣೆಯನ್ನು ಕೂಡಲೇ ನೀರಿನಿಂದ ತೊಳೆದರೂ ರೂಪಾಯಿಯಗಲ ಬಣ್ಣ ಹೋಗಿಯೇ ಹೋಯಿತು.

ನಾಲ್ಕು ಚಕ್ರಗಳೂ ಮುಗಿಯುವಷ್ಟರಲ್ಲಿ ಪೆಡಲು ಅರ್ಧ ದಾರಿಯಲ್ಲೇ ಕಲ್ಲಿನಂತೆ ನಿಂತಿತು. ಮೇಷ್ಟರು ಪೂರ್ಣಬಲದಿಂದ ತುಳಿದು ಹಿಡಿದರು. ಶಿಷ್ಯ ಹೊಸ ಕೂಡಿಕೆಗಳ ಮೇಲೆ ಬೆರಳಾಡಿಸಿದ. ಒದ್ದೆಯಿರಲಿಲ್ಲ. ಆಮೇಲೆ ಖಾಲಿ ಬೀದಿಯಲ್ಲಿ ನಡಿಗೆಯ ವೇಗದಲ್ಲಿ ನಾಲ್ಕಾರು ಬಾರಿ ಪರೀಕ್ಷೆ ನಡೆಯಿತು.

ಮುಂದಿನ ಶನಿವಾರ ಕಾರು ಪಾವಗಡಕ್ಕೆ ಹೊರಟಿತು. ಮಿಡಿಗೇಶಿಯ ಬೆಟ್ಟ ಕಾಣುತ್ತಲೇ ಮೇಷ್ಟರು ರಸ್ತೆಯ ಪಕ್ಕಕ್ಕೆ ನಿಲ್ಲಿಸಿ, ಇಳಿದು, ಹಿಂಚಕ್ರದ ಹಿಂದೆ ಬಗ್ಗಿ ನೋಡಿದರು.

“ಏನೂಂದ್ರೆ, ಇದು ಮೂರನೆಯ ಸಲ” ಎಂದರು ಮನೆಯಾಕೆ, ಕಿಟಕಿಯಿಂದ ತಲೆ ಹೊರಹಾಕಿ.

“ಒಣಗಿದೆ” ಎಂದು ಮೇಷ್ಟರು ಬಂದು ಕುಳಿತರು.