ಅಪ್ಪನೂ ಅವರೇ, ಮಗನೂ ಅವರೇ!

ನಾನು ನಟನೂ ಅಲ್ಲ, ನಿರ್ದೇಶಕನೂ ಅಲ್ಲ. ಆದರೂ ತಾರೆಯರ ಮುಖಗಳನ್ನು ನನ್ನಷ್ಟು ಹತ್ತಿರದಿಂದ ನೋಡಿದವರು ಕಮ್ಮಿ. ಯಾಕಂತೀರಾ? ಗಾಂಧಿನಗರದ ಚಿತ್ರಮಂದಿರಗಳ ಮುಂದೆ ನಿಲ್ಲುತ್ತಿದ್ದ ಬ್ಯಾನರು, ಕಟೌಟುಗಳನ್ನು ಬರೆಯುತ್ತಿದ್ದವನು ನಾನು. ಒಂದೊಂದು ಕಣ್ಣೇ ನನಗಿಂತ ಉದ್ದ!

ನಮ್ಮಪ್ಪ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರು. ನಾನು ಎಸ್ಸೆಸ್ಸೆಲ್ಸಿಯಲ್ಲಿ ಡುಮ್ಕಿ ಹೊಡೆದು ಬೆಂಗಳೂರಿಗೆ ಓಡಿಬಂದವನು. 1976ರ ದೀಪಾವಳಿ. ಮೊದಲ ಸಲ ಕೈಯಲ್ಲಿ ಸ್ವಂತ ದುಡ್ಡು. ಅಪ್ಪನಿಗೆ ಒಂದು ಜೊತೆ ಪಂಚೆ, ಮೇಲೆ ಅರುವತ್ತು ರೂಪಾಯಿ, ಎಲೆ ಅಡಿಕೆ ಜೊತೆ ತಟ್ಟೆಯಲ್ಲಿಟ್ಟು ಕಾಲಿಗೆ ಬೀಳೋಕೆ ಹೋದೆ. ಅಪ್ಪ ಕಾಲು ಹಿಂದಕ್ಕೆಳೆದುಕೊಂಡರು.

“ಗೋಡೆಗೆ ಬಣ್ಣ ಬಳಿಯೋನು ನನ್ನ ಮಗನೇ ಅಲ್ಲ. ತಗೊಂಡು ಹೋಗು.”

ಅಮ್ಮ ಬಾಗಿಲ ಹಿಂದೆ ಅಳುತ್ತಿದ್ದಳು. ನಾನು ಒಬ್ಬಟ್ಟೂ ತಿನ್ನದೆ ಬಸ್ಸು ಹತ್ತಿದೆ.

ಮರುವರ್ಷ, 1977ರಲ್ಲಿ, ‘ಬಬ್ರುವಾಹನ’ ಬಂತು. ಹುಣಸೂರು ಕೃಷ್ಣಮೂರ್ತಿಗಳ ನಿರ್ದೇಶನ. ಅಣ್ಣಾವ್ರದು ದ್ವಿಪಾತ್ರ: ಅಪ್ಪ ಅರ್ಜುನನೂ ಅವರೇ, ಮಗ ಬಬ್ರುವಾಹನನೂ ಅವರೇ. ಕಥೆ ನಿಮಗೆ ಗೊತ್ತೇ ಇದೆ. ಅಪ್ಪ ಬಂದಿದ್ದಾನೆ ಅಂತ ಮಗ ಕಾಣಿಕೆ ಹಿಡಿದು ಓಡೋಡಿ ಹೋಗುತ್ತಾನೆ. ಅಪ್ಪನೋ, ನೀನು ನನ್ನ ಮಗನೇ ಅಲ್ಲ ಅಂತ ಹೀಯಾಳಿಸುತ್ತಾನೆ. ಆಮೇಲೆ ಆ ವಾದದ ಹಾಡು, ಪಿ.ಬಿ. ಶ್ರೀನಿವಾಸ್ ಮತ್ತು ಅಣ್ಣಾವ್ರ ಕಂಠದಲ್ಲಿ. ಥಿಯೇಟರಿನಲ್ಲಿ ಜನ ಶಿಳ್ಳೆ ಹಾಕುತ್ತಿದ್ದರೆ ನಾನು ಟವೆಲು ಕಚ್ಚಿಕೊಂಡು ಅಳುತ್ತಿದ್ದೆ. ಎಲೆ ಅಡಿಕೆ ತಟ್ಟೆ ಕಣ್ಣ ಮುಂದೆ ಬಂದಿತ್ತು.

ಆವತ್ತಿನಿಂದ ನಾನೇ ಬಬ್ರುವಾಹನ ಅಂದುಕೊಂಡು ಬದುಕಿದೆ. ಎದೆಯ ಗೂಡಿನ ಕೆಳಗೆ ಒಂದು ಉರಿ ಶುರುವಾಯಿತು. ಬರುತ್ತಿತ್ತು, ಹೋಗುತ್ತಿತ್ತು. 1989ರಲ್ಲಿ ಅಪ್ಪ ತೀರಿಕೊಂಡರು. ಹೋಗಿ ಕರ್ಮ ಮಾಡಿ ಬಂದೆ. ಮಾತು ಮಾತ್ರ ಆಗಲಿಲ್ಲ.

ಕಾಲ ಉರುಳಿತು. ಫ್ಲೆಕ್ಸ್ ಬಂತು, ಕುಂಚ ಮೂಲೆ ಸೇರಿತು. ನನ್ನ ಮಗ ಕಂಪ್ಯೂಟರು ಕಲಿತು ಒಂದು ಫ್ಲೆಕ್ಸ್ ಅಂಗಡಿಗೇ ಕೆಲಸಕ್ಕೆ ಸೇರಿದ! 2007ರ ಯುಗಾದಿಗೆ ಮೊದಲ ಸಂಬಳದಲ್ಲಿ ನನಗೊಂದು ಶರ್ಟು ತಂದು ಕಾಲಿಗೆ ಬೀಳಲು ಬಂದ. ನನ್ನ ಬಾಯಿಂದ ಏನು ಬಂತು ಗೊತ್ತೇ?

“ಗುಂಡಿ ಒತ್ತಿ ಮುಖ ಮಾಡೋನು ನನ್ನ ಮಗನೇ ಅಲ್ಲ.”

ಹುಡುಗ ಏನೂ ಅನ್ನಲಿಲ್ಲ. ಶರ್ಟನ್ನು ಕುರ್ಚಿಯ ಮೇಲಿಟ್ಟು ಹೋದ. ಅವತ್ತು ರಾತ್ರಿ ಎದ್ದ ಉರಿ ಒಂದು ವರ್ಷ ಇಳಿಯಲಿಲ್ಲ. ಡಾಕ್ಟರು ಕೊಳವೆ ಇಳಿಸಿ ನೋಡಿದರು. ಹುಣ್ಣಿಲ್ಲ. ಮಾತ್ರೆ ಕೊಟ್ಟರು, ಜೊತೆಗೆ ಮನಶ್ಶಾಸ್ತ್ರ ಓದಿದ ಒಬ್ಬ ಮೇಡಂ ಹತ್ತಿರ ಕಳಿಸಿದರು. ‘ನನಗೇನು ಹುಚ್ಚೇ?’ ಅಂತ ಬೈದುಕೊಂಡೇ ಹೋದೆ.

ಆಯಮ್ಮ ಬುದ್ಧಿ ಹೇಳಲಿಲ್ಲ. “ಆ ಉರಿಗೆ ಒಂದು ಮುಖ ಇದ್ದರೆ ಹೇಗಿರುತ್ತೆ? ಬರೆದು ತನ್ನಿ” ಅಂದರು. ಮನೆಗೆ ಬಂದು ಹಳೆಯ ಕುಂಚ ತೆಗೆದೆ. ಬಬ್ರುವಾಹನನನ್ನು ಬರೆಯೋಕೆ ಕೂತವನು ನಾನು. ಕೈ ಬರೆದದ್ದು ಅರ್ಜುನನನ್ನು! ಕಿರೀಟ ಅರ್ಜುನನದು. ಗಂಟಿಕ್ಕಿದ ಹುಬ್ಬು ನಮ್ಮಪ್ಪನದು. ಕನ್ನಡಿ ನೋಡಿದರೆ... ನನ್ನದೂ ಅದೇ ಹುಬ್ಬು.

ಆಗ ಮೇಡಂ ಅಮೆರಿಕದ ಜೇಮ್ಸ್ ಹಿಲ್‌ಮನ್ ವಿಷಯ ಹೇಳಿದರು. 1926ರಲ್ಲಿ ಹುಟ್ಟಿ 2011ರಲ್ಲಿ ತೀರಿಕೊಂಡ ಈತ, ಸ್ವಿಟ್ಜರ್ಲೆಂಡಿನ ಮಹಾಪಂಡಿತ ಯೂಂಗ್ ಹಾದಿಯವರು. ಈ ಯೂಂಗ್ 1938ರಲ್ಲಿ ನಮ್ಮ ಮೈಸೂರಿಗೂ ಬಂದು, ಮಹಾರಾಜರ ಗುರುಗಳಾಗಿದ್ದ ಸುಬ್ರಹ್ಮಣ್ಯ ಅಯ್ಯರ್ ಜೊತೆ ಚರ್ಚೆ ಮಾಡಿದ್ದರು. ಹಳೆಯ ದೇವತೆಗಳು ಈಗ ಕಾಯಿಲೆಯ ರೂಪದಲ್ಲಿ ಬರುತ್ತಾರೆ ಅನ್ನುವ ಅರ್ಥದ ಮಾತು ಅವರದು. ಅಪ್ಪ, ಅಮ್ಮ, ವೀರ, ಮುದುಕ ಇಂಥ ಮೂಲರೂಪಗಳು ಎಲ್ಲ ಜನರ ಕಥೆಗಳಲ್ಲೂ, ನಮ್ಮ ಕನಸುಗಳಲ್ಲೂ ಇವೆ ಅಂದರು. ಹಿಲ್‌ಮನ್ ಇನ್ನೊಂದು ಹೆಜ್ಜೆ ಮುಂದೆ ಹೋದರು: ಕಣ್ಣೆದುರು ಬಂದ ಚಿತ್ರವನ್ನು ‘ಇದರ ಅರ್ಥ ಇಷ್ಟೇ’ ಅಂತ ಕಟ್ಟಿಹಾಕಬೇಡಿ, ಅದರ ಜೊತೆ ಕೂತು ಮಾತಾಡಿ ಅಂದರು. ಇದಕ್ಕೆ ಮೂಲರೂಪ ಮನಶ್ಶಾಸ್ತ್ರ ಅಂತ ಹೆಸರು. 1967ರ ಒಂದು ಉಪನ್ಯಾಸದಲ್ಲಿ, ಒಳಗಿನ ಮುದುಕ ಮತ್ತು ಒಳಗಿನ ಹುಡುಗ ಇಬ್ಬರಲ್ಲ, ಒಂದೇ ಮೂಲರೂಪದ ಎರಡು ಮುಖ, ಅವರನ್ನು ಬೇರೆ ಮಾಡಿದರೆ ಇಬ್ಬರೂ ಕೆಡುತ್ತಾರೆ ಎಂದು ವಾದಿಸಿದ್ದರು.

ಅಬ್ಬಾ! ಆ ಸಿನಿಮಾದಲ್ಲಿ ಅಪ್ಪನಿಗೂ ಮಗನಿಗೂ ಒಂದೇ ಮುಖ ಇದ್ದದ್ದು ನನಗೆ ಮೂವತ್ತು ವರ್ಷ ಕಾಲ್‌ಷೀಟಿನ ವಿಷಯವಾಗಿಯೇ ಕಂಡಿತ್ತು!

ಕಥೆಯಲ್ಲಿ ಸತ್ತ ಅಪ್ಪನನ್ನು ಬದುಕಿಸುವ ಮಣಿ ಸ್ವರ್ಗದಲ್ಲಿಲ್ಲ, ಪಾತಾಳದಲ್ಲಿದೆ, ಹಾವುಗಳ ಕಾವಲಿನಲ್ಲಿ. ನಾನೂ ಇಳಿಯಲೇಬೇಕಾಯಿತು. ರಾತ್ರಿ ಆ ಚಿತ್ರದ ಮುಂದೆ ಕೂತು ಕೇಳಿದೆ: ‘ಯಾಕಪ್ಪಾ ಅಷ್ಟು ಕೋಪ?’ ಅಪ್ಪನ ದನಿಯಲ್ಲೇ ಉತ್ತರ ಕೇಳಿಸಿದಂತಾಯಿತು: ‘ಕೋಪ ಅಲ್ಲ ಕಣೋ, ಭಯ. ನೀನು ಉಪವಾಸ ಬೀಳ್ತೀಯಾ ಅಂತ.’ ಮಗನ ಮೇಲೆ ನನಗಿದ್ದದ್ದೂ ಅದೇ ಭಯ. ಜೊತೆಗೆ, ಅವನ ಕೈ ನಡೆಯುತ್ತೆ, ನನ್ನದು ನಿಂತುಹೋಯಿತು ಅನ್ನುವ ಹೊಟ್ಟೆಕಿಚ್ಚು. ಕಿಚ್ಚು ಅನ್ನುವ ಮಾತು ಸುಮ್ಮನೆ ಹುಟ್ಟಿಲ್ಲ!

ಬೆಳಿಗ್ಗೆ ಮಗನಿಗೆ ಫೋನು ಮಾಡಿದೆ. “ಆ ಶರ್ಟು ಹಾಕ್ಕೊಂಡಿದೀನಿ. ಸ್ವಲ್ಪ ಬಿಗಿ ಆಗ್ತಿದೆ ಕಣೋ” ಅಂದೆ. ಆ ಕಡೆ ಬಹಳ ಹೊತ್ತು ಸದ್ದಿಲ್ಲ. ಆಮೇಲೆ, “ಬದಲಾಯಿಸಿ ತರ್ತೀನಿ, ಬಿಡಿ ಅಪ್ಪಾ” ಅಂದ. ಸಂಜೆಗೇ ಬಂದ.

ಎದೆ ಉರಿದರೆ ಸಿನಿಮಾ ನೋಡಿ ಅಂತ ನಾನು ಹೇಳುತ್ತಿಲ್ಲ. ಮೊದಲು ಡಾಕ್ಟರ ಹತ್ತಿರ ಹೋಗಿ. ನಾನೂ ಈಗಲೂ ಆಗಾಗ ಮಾತ್ರೆ ನುಂಗುತ್ತೇನೆ. ತಿಪಟೂರಿನ ಅಪ್ಪನಿಗೆ ಮಣಿ ತರಲು ನನ್ನಿಂದಾಗಲಿಲ್ಲ, ಆ ನೋವು ಇದ್ದೇ ಇದೆ. ಆದರೆ ನನ್ನೊಳಗೆ ಹುಬ್ಬು ಗಂಟಿಕ್ಕಿ ಕೂತಿದ್ದ ಅಪ್ಪ ಈಗ ಕಾಲು ಹಿಂದಕ್ಕೆಳೆದುಕೊಳ್ಳುವುದಿಲ್ಲ.