ಹಿತ್ತಿಲಿನ ಬೀಗರು

ವಸಂತವೆಂದರೆ ಆಗಮನದ ಋತುವೆಂದು ನಾವೆಲ್ಲರೂ ನಂಬಿದ್ದೇವೆ. ಮಾವು ಚಿಗುರುತ್ತದೆ, ಬೇವು ಹೂ ಬಿಡುತ್ತದೆ, ಕೋಗಿಲೆ ಕೂಗುತ್ತದೆ. ಆದರೆ ಪ್ರಿಯ ಓದುಗರೆ, ಯುಗಾದಿಯ ಆಸುಪಾಸಿನಲ್ಲಿ ಬೆಳಗಿನ ಹೊತ್ತು ಅರ್ಧ ಗಂಟೆ ತಮ್ಮ ಹಿತ್ತಿಲಿನಲ್ಲಿ ಸುಮ್ಮನೆ ಕುಳಿತು ನೋಡಿರಿ. ನಮ್ಮ ನಾಡಿನ ಪಾಲಿಗೆ ವಸಂತವು ಬೀಳ್ಕೊಡುಗೆಯ ಋತುವೂ ಹೌದೆಂಬುದು ತಮಗೇ ಮನವರಿಕೆಯಾದೀತು. ಚಳಿಗಾಲವನ್ನು ಕಳೆಯಲೆಂದು ಉತ್ತರದಿಂದ ಬಂದಿದ್ದ ಹಕ್ಕಿಗಳು ಆಗ ಒಂದೊಂದಾಗಿ ಹೊರಟು ನಿಲ್ಲುತ್ತವೆ.

ನಮ್ಮ ಭಾಗದ ರೈತರು ಶಪಿಸುವ ಜೋಳದ ಹಕ್ಕಿಯನ್ನೇ ನೋಡಿರಿ. ಗುಲಾಬಿ ಮೈ, ಕಪ್ಪು ತಲೆ. ಹಿಂಡು ಹಿಂಡಾಗಿ ಮುತ್ತುಗದ ಹೂಗಳ ಮಕರಂದವನ್ನು ಹೀರಿ, ಏಪ್ರಿಲ್ ತಿಂಗಳಿನಲ್ಲಿ ಅವು ಮಧ್ಯ ಏಷ್ಯದ ಬಯಲುಗಳತ್ತ ಹೊರಡುತ್ತವೆ. ಇಲ್ಲಿ ಜೋಳವನ್ನು ಕದಿಯುವ ಈ ಪಕ್ಷಿಯೇ ಅಲ್ಲಿ ಮಿಡತೆಗಳನ್ನು ತಿಂದು ಬೆಳೆಯನ್ನು ಕಾಯುತ್ತದೆ.

ನಾನು ಹೇಳಹೊರಟಿರುವುದು ಇನ್ನೂ ಚಿಕ್ಕ ಹಕ್ಕಿಯೊಂದರ ಸಂಗತಿ. ಧಾರವಾಡದ ನಮ್ಮ ಮನೆಯ ಹಿಂದೆ ಬಚ್ಚಲ ನೀರು ಬಾಳೆಯ ಬುಡಕ್ಕೆ ಹರಿಯುವ ಕಾಲುವೆಯಿದೆ. ಪ್ರತಿ ವರ್ಷ ಸೆಪ್ಟೆಂಬರ್ ಕೊನೆಗೆ ಅಲ್ಲಿಗೊಂದು ಒಂಟಿ ಹಕ್ಕಿ ಬರುತ್ತಿತ್ತು. ಬೂದು ಬೆನ್ನು, ಹಳದಿ ಹೊಟ್ಟೆ, ಉದ್ದನೆಯ ಬಾಲ. ಆ ಬಾಲವನ್ನು ಬಿಡುವಿಲ್ಲದೆ ಮೇಲೆ ಕೆಳಗೆ ಆಡಿಸುತ್ತ, ಕೆಸರಿನಲ್ಲಿ ಹುಳುಗಳನ್ನು ಹೆಕ್ಕುತ್ತ ನಡೆದಾಡುತ್ತಿತ್ತು. ಬೂದು ಸಿಪಿಲೆಯೆಂದು ಅದರ ಹೆಸರು. ನನ್ನ ಪತ್ನಿ ಮಾತ್ರ ಅದನ್ನು 'ನಮ್ಮ ಬೀಗರು' ಎಂದೇ ಕರೆಯುತ್ತಿದ್ದಳು. ಮಾರ್ಚ್ ಕಳೆಯುತ್ತಿದ್ದಂತೆ ಅದರ ಗಂಟಲಿನಲ್ಲಿ ಕಪ್ಪು ಬಣ್ಣ ಮೂಡತೊಡಗುವುದು. ಗಂಡು ಹಕ್ಕಿಗೆ ಅದೇ ಪ್ರಯಾಣದ ಸೂಚನೆ. ಮುಂದೊಂದು ಮುಂಜಾನೆ ಕಾಲುವೆ ಬರಿದಾಗಿರುತ್ತಿತ್ತು. "ಬೀಗರು ಹೇಳದೇ ಹೋದರು" ಎಂದು ಅವಳು ನಗುತ್ತಿದ್ದಳು. ಸುಮಾರು 18 ಗ್ರಾಂ ತೂಕದ ಆ ಜೀವಕ್ಕೆ ಹಿಮಾಲಯದ ತೊರೆಗಳನ್ನು ಮುಟ್ಟಲು 1500 ಕಿಲೋಮೀಟರಿಗೂ ಮಿಕ್ಕ ದಾರಿ.

ಇಂಥ ದಾರಿಗಳನ್ನು ತಿಳಿಯುವ ಯತ್ನಕ್ಕೆ ನಮ್ಮ ನಾಡಿನ ನಂಟೂ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಾಗ, ಅದನ್ನು ಸೈಬೀರಿಯದಿಂದ ವಲಸೆ ಹಕ್ಕಿಗಳೇ ಹೊತ್ತು ತಂದಿರಬಹುದೆಂಬ ಶಂಕೆ ಹುಟ್ಟಿತು. ಆ ಶಂಕೆಯ ನಿಮಿತ್ತವಾಗಿಯೇ 1959ರಿಂದ ಡಾ. ಸಲೀಂ ಅಲಿಯವರ ನೇತೃತ್ವದಲ್ಲಿ ಸಾವಿರಾರು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಕಾರ್ಯ ನಡೆಯಿತು. ಸಿಪಿಲೆಯಂಥ ಹಕ್ಕಿ ವರ್ಷವರ್ಷವೂ ಅದೇ ಅಂಗಳದ ಅದೇ ಮೂಲೆಗೆ ಮರಳುವುದುಂಟೆಂದು ಪಕ್ಷಿತಜ್ಞರು ಹೇಳುತ್ತಾರೆ.

ಇದು ತಿಳಿದಿದ್ದೂ ನಾನೊಂದು ತಪ್ಪು ಮಾಡಿದೆ. 2018ರ ಬೇಸಿಗೆಯಲ್ಲಿ ನನ್ನ ಪತ್ನಿ ತೀರಿಕೊಂಡಳು. ಅವಳು ಪಾತ್ರೆ ತೊಳೆಯುತ್ತ ಕುಳಿತಿರುತ್ತಿದ್ದ ಆ ಜಾಗವನ್ನು ನೋಡಲು ನನ್ನಿಂದಾಗಲಿಲ್ಲ. ಸೊಳ್ಳೆಯ ಕಾಟವೆಂದು ಮಕ್ಕಳಿಗೆ ನೆಪ ಹೇಳಿ, ನೀರನ್ನು ಕೊಳವೆಗೆ ತಿರುಗಿಸಿ, ಹಿತ್ತಿಲಿಗೆಲ್ಲ ಸಿಮೆಂಟು ಹಾಕಿಸಿದೆ. ಸೆಪ್ಟೆಂಬರಿನಲ್ಲಿ ಬೀಗರು ಬಂದರು. ಒಣ ಸಿಮೆಂಟಿನ ಮೇಲೆ ಎರಡು ಸುತ್ತು ನಡೆದು, ಗೋಡೆಯ ಮೇಲೆ ತುಸು ಹೊತ್ತು ಕುಳಿತು, ಹಾರಿಹೋದರು. ಅಷ್ಟು ದೂರದಿಂದ ಬಂದವರಿಗೆ ನಾನು ಬಾಗಿಲು ಮುಚ್ಚಿದ್ದೆ. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಮರುವರ್ಷ ಹಕ್ಕಿ ಬರಲೇ ಇಲ್ಲ.

2020ರಲ್ಲಿ ಸಿಮೆಂಟನ್ನು ಒಡೆಸಿ, ಕಾಲುವೆಯನ್ನು ಬಿಡಿಸಿ, ಬಾಳೆಯನ್ನು ಮತ್ತೆ ನೆಟ್ಟೆ. ಎರಡು ಚಳಿಗಾಲಗಳು ಬರಿದೇ ಕಳೆದವು. 2022ರ ಅಕ್ಟೋಬರ್ ತಿಂಗಳಿನ ಒಂದು ಬೆಳಗ್ಗೆ ಕೆಸರಿನಲ್ಲಿ ಹಳದಿಯ ಮಿಂಚೊಂದು ಬಾಲವನ್ನಾಡಿಸಿತು. ಅದೇ ಹಕ್ಕಿಯೋ ಅನ್ಯವೋ ನಾನರಿಯೆ. ಬಹುಶಃ ಅನ್ಯವೇ ಇದ್ದೀತು. ಆದರೂ ಕೈಮುಗಿದೆ.

ಓದುಗರೆ, ಈ ಅತಿಥಿಗಳು ನಮ್ಮಿಂದ ಕಾಳನ್ನು ಬೇಡುವುದಿಲ್ಲ. ಒಂದು ಮಾರು ಹಸಿನೆಲ, ಒಂದಿಷ್ಟು ಬೇಲಿಯ ಪೊದೆ ಇವಕ್ಕೆ ಸಾಕು. ತಮ್ಮ ಹಿತ್ತಿಲಿಗೆ ಸಿಮೆಂಟು ಹಾಕಿಸುವ ವಿಚಾರವಿದ್ದರೆ, ದಯಮಾಡಿ ಒಂದು ಮೂಲೆಯನ್ನು ಬಿಡಿಸಿರಿ. ನಾನು ಈಗಲೂ ಕಾಲುವೆಯ ಬದಿಯ ಕಲ್ಲಿನ ಮೇಲೆ ಕುಳಿತುಕೊಳ್ಳುತ್ತೇನೆ. ವಸಂತದಲ್ಲಿ ಹಕ್ಕಿಯ ಗಂಟಲು ಕಪ್ಪಾಗುತ್ತಿದ್ದಂತೆ, ಅದು ಹೇಳದೇ ಹೋಗುವ ಮೊದಲೇ "ಹೋಗಿ ಬನ್ನಿರಿ" ಎಂದು ನಾನೇ ಹೇಳಿಬಿಡುತ್ತೇನೆ.